ಗೆದ್ದುದು ದೋಣಿಯೋ, ಅಂಬಿಗನೋ?

ಪ್ರತಿವರ್ಷ ಸ್ನೇಹಸಮ್ಮೇಳನಕ್ಕೆ ಮುಂಚಿತವಾಗಿ ಶಾಲೆಗಳಲ್ಲಿ ಆಟೋಟಗಳ ಪಂದ್ಯಗಳು ನಡೆಯುವುದು ನಮ್ಮ ಭಾಗದ ರೂಢಿ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸೈಕಲ್ ಪಂದ್ಯಕ್ಕೆ ನಿರ್ಣಾಯಕನಾಗಿ ನಿಲ್ಲುವ ಪ್ರಸಂಗ ಈ ಲೇಖಕನಿಗೆ ಒದಗಿತ್ತು. ಸ್ಪರ್ಧೆಗೆ ನಿಂತವರು ಹನ್ನೆರಡು ಜನ. ಅವರಲ್ಲಿ ಹನ್ನೊಂದು ಜನರ ಬಳಿ ಇದ್ದುದು ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಹಂಚಿದ ಒಂದೇ ತೆರನಾದ ಸೈಕಲ್ಲು. ಹನ್ನೆರಡನೆಯವನ ಬಳಿ ಮಾತ್ರ ಗೇರುಳ್ಳ, ತೆಳು ಗಾಲಿಯ, ಒಂದೇ ಕೈಯಿಂದ ಎತ್ತಬಹುದಾದ ಹೊಸ ಸೈಕಲ್ಲು. ಅವನೇ ಗೆದ್ದನು. ಬಹುಮಾನ ಕೊಡುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗನು, "ಗೆದ್ದದ್ದು ಅವನಲ್ಲರೀ, ಅವನ ಸೈಕಲ್ಲು" ಎಂದು ಎಲ್ಲರಿಗೂ ಕೇಳುವಂತೆ ನುಡಿದನು. ಗೆದ್ದ ಹುಡುಗನ ಮುಖ ಬಾಡಿತು. ಏಕೆಂದರೆ ಅವನೂ ತಿಂಗಳುಗಟ್ಟಲೆ ನಸುಕಿನಲ್ಲೆದ್ದು ಅಭ್ಯಾಸ ಮಾಡಿದವನೇ. ಸೋತವರಿಗೆ ತಮ್ಮ ಸೋಲು ನಿಜವೆಂಬ ಸಮಾಧಾನವಿರಲಿಲ್ಲ, ಗೆದ್ದವನಿಗೆ ತನ್ನ ಗೆಲುವು ತನ್ನದೆಂಬ ನೆಮ್ಮದಿ ಉಳಿಯಲಿಲ್ಲ.

ಆ ಹುಡುಗನ ಮಾತಿಗೆ ಅಂದು ತಕ್ಕ ಉತ್ತರ ಹೊಳೆಯಲಿಲ್ಲ. ಮುಂದೆ ಓದುತ್ತ ಹೋದಂತೆ ಇದೇ ಪ್ರಶ್ನೆಯನ್ನು ಜಗತ್ತಿನಲ್ಲಿ ಬಹುಕಾಲದಿಂದ ಅತ್ಯಂತ ಕೂಲಂಕಷವಾಗಿ ಚರ್ಚಿಸಿದವರು ಹಾಯಿದೋಣಿಯ ಸ್ಪರ್ಧಾಳುಗಳೆಂಬುದು ತಿಳಿದುಬಂದಿತು. ಅದರಲ್ಲಿಯೂ 'ಕ್ಯಾಟಮರಾನ್' ಎಂದು ಕರೆಯಲ್ಪಡುವ ಜೋಡೊಡಲಿನ ದೋಣಿಗಳ ಪಂದ್ಯಗಳಲ್ಲಿ ಈ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳು ಎರಡು ಪದ್ಧತಿಗಳಾಗಿಯೇ ನಿಂತಿವೆ. ಸಮುದ್ರದಿಂದ ಬಹುದೂರದ ಬಯಲುಸೀಮೆಯವರಾದ ನಮಗೆ ಈ ವಿಷಯ ಏತಕ್ಕೆಂದು ವಾಚಕರು ಕೇಳಬಹುದು. ಭೀಮಾನದಿಯ ಹರಿಗೋಲನ್ನು ಬಿಟ್ಟರೆ ದೋಣಿಯೆಂಬುದನ್ನೇ ಕಾಣದ ನಮ್ಮ ಮಕ್ಕಳಿಗೂ ಅದು ಹೇಗೆ ಸಂಬಂಧಿಸುತ್ತದೆಂಬುದನ್ನು ಲೇಖನದ ಕೊನೆಯಲ್ಲಿ ನಿವೇದಿಸಲಾಗುವುದು.

ಹೆಸರು ನಮ್ಮದು, ದೋಣಿ ಬೇರೆ

'ಕ್ಯಾಟಮರಾನ್' ಎಂಬ ಇಂಗ್ಲಿಷ್ ಶಬ್ದವು ತಮಿಳಿನ 'ಕಟ್ಟುಮರಂ' ಎಂಬುದರಿಂದ ಹುಟ್ಟಿದುದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟು ಎಂಬುದೂ ನಮ್ಮದೇ, ಮರ ಎಂಬುದೂ ನಮ್ಮದೇ. ಚೋಳಮಂಡಲ ಕರಾವಳಿಯ ಬೆಸ್ತರು ಹಗುರವಾದ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿ ಅದರ ಮೇಲೆ ಕಡಲಿಗಿಳಿಯುತ್ತಿದ್ದರು. ಇದನ್ನು ಕಂಡ ಐರೋಪ್ಯ ನಾವಿಕರು ಹೆಸರನ್ನು ಹೊತ್ತೊಯ್ದು, ಕಾಲಾನಂತರದಲ್ಲಿ ಬೇರೊಂದು ಬಗೆಯ ದೋಣಿಗೆ ಅಂಟಿಸಿದರು. ಇಂದು ಆ ಹೆಸರಿನಿಂದ ಕರೆಯುವುದು ಎರಡು ಕಿರಿದಾದ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ದೋಣಿಯನ್ನು. ಇದರ ನಿಜವಾದ ಪೂರ್ವಜರು ಶಾಂತಸಾಗರದ ದ್ವೀಪವಾಸಿಗಳ ಜೋಡುದೋಣಿಗಳು.

ಇಂಥ ದೋಣಿಯ ವೇಗಕ್ಕೆ ಕಾರಣ ಸರಳವಾದುದು. ಗಾಳಿಯು ಹಾಯಿಯನ್ನು ತುಂಬಿದಾಗ ದೋಣಿ ಒಂದು ಬದಿಗೆ ವಾಲುತ್ತದೆ. ಒಂದೇ ಒಡಲಿನ ದೊಡ್ಡ ಹಾಯಿದೋಣಿಯಲ್ಲಿ ಈ ವಾಲುವಿಕೆಯನ್ನು ತಡೆಯಲು ಅಡಿಯಲ್ಲಿ ಭಾರವಾದ ಸೀಸವನ್ನೋ ಕಬ್ಬಿಣವನ್ನೋ ಹೊರಿಸಬೇಕು. ಜೋಡೊಡಲಿನ ದೋಣಿಗೆ ಅದರ ಅಗಲವೇ ಆಧಾರ, ಕಾಲಗಲಿಸಿ ನಿಂತ ಜಟ್ಟಿಯನ್ನು ಕೆಡಹುವುದು ಕಷ್ಟವಲ್ಲವೇ? ಭಾರವಿಲ್ಲದ್ದರಿಂದ ದೋಣಿ ಹಗುರ, ಒಡಲು ಕಿರಿದಾದ್ದರಿಂದ ನೀರಿನ ತಡೆಯೂ ಕಡಿಮೆ.

೧೮೭೬ರಲ್ಲಿ ಅಮೇರಿಕೆಯ ನಥಾನಿಯಲ್ ಹೆರೆಷಾಫ್ ಎಂಬ ದೋಣಿಶಿಲ್ಪಿಯು 'ಅಮರಿಲಿಸ್' ಎಂಬ ಇಂಥ ದೋಣಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ಇಳಿಸಿದನು. ಅದು ಅಲ್ಲಿಯ ಒಂಟಿ ಒಡಲಿನ ದೋಣಿಗಳನ್ನೆಲ್ಲ ಹಿಂದೆ ಹಾಕಿತು. ಸೋತವರು ಆಕ್ಷೇಪವೆತ್ತಿದರು, ಜೋಡೊಡಲಿನ ದೋಣಿಯನ್ನು ಪಂದ್ಯದಿಂದ ಹೊರಗಿಟ್ಟರು. ಹಿಂದಿನ ಸಾಲಿನ ಹುಡುಗನ ಮಾತನ್ನು ಅಂದಿನ ನ್ಯೂಯಾರ್ಕಿನ ಶ್ರೀಮಂತರೂ ಆಡಿದ್ದರೆಂದಾಯಿತು.

ವರ್ಗವೆಂದರೇನು?

ಅಸಮಾನವಾದವುಗಳನ್ನು ಒಟ್ಟಿಗೆ ಓಡಿಸಿದರೆ ಪಂದ್ಯಕ್ಕೆ ಅರ್ಥವಿರದು. ಕಾರಣ, ದೋಣಿಗಳನ್ನು ವರ್ಗಗಳಾಗಿ ವಿಂಗಡಿಸುವುದು ಅನಿವಾರ್ಯ. ಕುಸ್ತಿಯ ಕಣದಲ್ಲಿ ತೂಕ ನೋಡಿ ಜೋಡಿ ಹಚ್ಚುವಂತೆಯೇ ಇದು. ಆದರೆ ವರ್ಗದ ನಿಯಮವು ಇನ್ನೊಂದು ಸೂಕ್ಷ್ಮ ಕಾರ್ಯವನ್ನೂ ಮಾಡುತ್ತದೆ. ಯಾವ ಗುಣಕ್ಕೆ ಬಹುಮಾನವೆಂಬುದನ್ನು ಅದೇ ನಿರ್ಧರಿಸುತ್ತದೆ. ನಮ್ಮ ಕರಾವಳಿಯ ಕಂಬಳವನ್ನು ನೋಡಿರಿ. ಅಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಮೊದಲಿನ ಮೂರರಲ್ಲಿ ಕೋಣಗಳ ವೇಗಕ್ಕೆ ಬೆಲೆ. ಕನೆಹಲಗೆಯಲ್ಲಾದರೋ ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದಕ್ಕೆ ಬೆಲೆ. ಗದ್ದೆ ಅದೇ, ಕೋಣಗಳೂ ಅವೇ, ಉಪಕರಣ ಬದಲಾದೊಡನೆ ಸ್ಪರ್ಧೆಯೇ ಬದಲಾಯಿತು.

ದೋಣಿಗಳ ಜಗತ್ತಿನಲ್ಲಿ ನಿಯಮ ರಚಿಸುವವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ದೋಣಿಯ ಕೆಲವು ಮೇರೆಗಳನ್ನು ಮಾತ್ರ ಗೊತ್ತುಪಡಿಸಿ, ಅದರೊಳಗೆ ಯಾರು ಹೇಗಾದರೂ ಕಟ್ಟಿಕೊಳ್ಳಲಿ ಎಂದು ಬಿಡುವುದು ಒಂದು ದಾರಿ. ಇದನ್ನು 'ವಿಕಾಸ ವರ್ಗ' ಎನ್ನೋಣ. ಎಲ್ಲರೂ ಒಂದೇ ಅಚ್ಚಿನ ದೋಣಿಯನ್ನೇ ಬಳಸತಕ್ಕದ್ದು ಎಂದು ವಿಧಿಸುವುದು ಮತ್ತೊಂದು ದಾರಿ. ಇದನ್ನು 'ಏಕಮಾದರಿ ವರ್ಗ' ಎನ್ನೋಣ.

ವಿಕಾಸ ವರ್ಗ

ವಿಕಾಸ ವರ್ಗಕ್ಕೆ ಒಳ್ಳೆಯ ನಿದರ್ಶನ 'ಎ' ವರ್ಗದ ಕ್ಯಾಟಮರಾನ್. ಒಬ್ಬನೇ ನಡೆಸುವ ಈ ದೋಣಿಯ ಉದ್ದ ೫.೪೯ ಮೀಟರ್ ಮೀರಕೂಡದು, ಅಗಲ ೨.೩೦ ಮೀಟರ್ ಮೀರಕೂಡದು, ಹಾಯಿಯ ವಿಸ್ತಾರ ೧೩.೯೪ ಚದರ ಮೀಟರ್ ದಾಟಕೂಡದು, ತೂಕ ೭೫ ಕಿಲೋಗ್ರಾಮಿಗಿಂತ ಕಡಿಮೆಯಾಗಕೂಡದು. ಮುಖ್ಯವಾದ ಕಟ್ಟಳೆಗಳು ಇವೇ. ಒಡಲಿನ ಆಕಾರ, ಹಾಯಿಕಂಬದ ವಸ್ತು, ಚುಕ್ಕಾಣಿಯ ರೂಪ ಮುಂತಾದವುಗಳು ಬಹುಮಟ್ಟಿಗೆ ಕಟ್ಟುವವನ ಬುದ್ಧಿಗೆ ಬಿಟ್ಟುದು.

ಇದಕ್ಕಿಂತ ದೊಡ್ಡದು 'ಸಿ' ವರ್ಗ. ಉದ್ದ ೨೫ ಅಡಿ, ಅಗಲ ೧೪ ಅಡಿ, ಹಾಯಿ ೩೦೦ ಚದರಡಿ, ಇಷ್ಟೇ ಅದರ ಚೌಕಟ್ಟು. ೧೯೬೧ರಲ್ಲಿ ಮೊದಲಾದ 'ಪುಟ್ಟ ಅಮೇರಿಕಾ ಕಪ್' ಎಂಬ ಸ್ಪರ್ಧೆಯು ಬಹುಕಾಲ ಈ ವರ್ಗದ ಕಣವಾಗಿದ್ದಿತು. ಆರಂಭದಲ್ಲಿ ಇವುಗಳಿಗಿದ್ದುದು ಬಟ್ಟೆಯ ಹಾಯಿ. ಮುಂದೆ ಶಿಲ್ಪಿಗಳು ಬಟ್ಟೆಯನ್ನು ತೆಗೆದುಹಾಕಿ, ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದಂಥ ಗಟ್ಟಿಹಾಯಿಯನ್ನು ರಚಿಸಿದರು. ೧೯೮೮ರಲ್ಲಿ ಸಾನ್ ಡಿಯೇಗೋದಲ್ಲಿ ನಡೆದ ಹಿರಿಯ ಅಮೇರಿಕಾ ಕಪ್ಪಿನಲ್ಲಿ ನ್ಯೂಜಿಲೆಂಡಿನ ಭಾರಿ ಒಂಟಿ ಒಡಲಿನ ನೌಕೆಯನ್ನು ಸೋಲಿಸಿದ ಅಮೇರಿಕೆಯ ಕ್ಯಾಟಮರಾನ್, ಈ ಪುಟ್ಟ ದೋಣಿಗಳಿಂದ ಕಲಿತ ಗಟ್ಟಿಹಾಯಿಯನ್ನೇ ಹೊತ್ತಿತ್ತು.

ವಿಕಾಸ ವರ್ಗದ ಸೊಬಗು ಇದು: ಅಲ್ಲಿ ನಾವೀನ್ಯಕ್ಕೆ ಬಾಗಿಲು ಸದಾ ತೆರೆದಿದೆ. ಅದರ ಕಷ್ಟವೂ ಅಲ್ಲಿಯೇ ಇದೆ. ಹೋದ ವರ್ಷ ಗೆದ್ದ ದೋಣಿ ಈ ವರ್ಷ ಹಳತಾಗುತ್ತದೆ, ಹೊಸದಕ್ಕೆ ಮತ್ತೆ ಹಣ ಸುರಿಯಬೇಕಾಗುತ್ತದೆ. 'ಸಿ' ವರ್ಗದ ದೋಣಿಯನ್ನು ಕಟ್ಟಬಲ್ಲವರು ಬೆರಳೆಣಿಕೆಯ ಜನರಾದುದರಿಂದ ಆ ಕಣದಲ್ಲಿ ದೋಣಿಗಳೂ ಬೆರಳೆಣಿಕೆಯವೇ ಉಳಿದವು.

'ಎ' ವರ್ಗದಲ್ಲಿ ಇನ್ನೊಂದು ಬಗೆಯ ಇಕ್ಕಟ್ಟು ಒದಗಿತು. ದೋಣಿಯ ಅಡಿಯಲ್ಲಿ ಬಾಗಿದ ಹಲಗೆಗಳನ್ನು ನೀರಿಗಿಳಿಸಿದರೆ ಅವು ರೆಕ್ಕೆಗಳಂತೆ ವರ್ತಿಸಿ ಇಡೀ ದೋಣಿಯನ್ನು ನೀರಿನಿಂದ ಮೇಲಕ್ಕೆತ್ತುತ್ತವೆ. ಇವನ್ನು ಜಲರೆಕ್ಕೆಗಳೆಂದು ಕರೆಯಬಹುದು. ಒಡಲು ನೀರನ್ನು ಮುಟ್ಟದಿದ್ದಾಗ ತಡೆ ಬಹಳ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಇದು ತಮ್ಮ ವರ್ಗವನ್ನು ದುಬಾರಿಯಾಗಿಸೀತೆಂದು ಅಂಜಿದ ಸದಸ್ಯರು, ಹಲಗೆಗಳನ್ನು ಒಡಲಿನ ಮೇಲ್ಭಾಗದಿಂದಲೇ ತೂರಿಸಬೇಕು, ಅವುಗಳ ತುದಿಗಳ ನಡುವೆ ಇಂತಿಷ್ಟು ಅಂತರವಿರಬೇಕು ಎಂದು ಕಟ್ಟಳೆ ಮಾಡಿದರು. ಶಿಲ್ಪಿಗಳು ಆ ಕಟ್ಟಳೆಯೊಳಗೇ ಉಳಿದು ಹಲಗೆಯನ್ನು ಬೇರೆ ರೀತಿಯಾಗಿ ಬಾಗಿಸಿ ದೋಣಿಯನ್ನು ಹಾರಿಸಿಯೇಬಿಟ್ಟರು. ಕೊನೆಗೆ ವರ್ಗವೇ ಎರಡು ಪಂಗಡವಾಯಿತು. ಹಾರುವ ದೋಣಿಗಳಿಗೆ ಒಂದು, ನೀರಿನ ಮೇಲೆಯೇ ಸಾಗುವ ಹಳೆಯ ರೀತಿಯವಕ್ಕೆ ಇನ್ನೊಂದು. ಬುದ್ಧಿವಂತರನ್ನು ನಿಯಮದಿಂದ ಕಟ್ಟುವುದು ಗಾಳಿಯನ್ನು ಗಂಟು ಕಟ್ಟಿದಂತೆಯೇ ಸರಿ.

ಏಕಮಾದರಿ ವರ್ಗ

ಇನ್ನು ಏಕಮಾದರಿಯ ವಿಚಾರ. ಕ್ಯಾಲಿಫೋರ್ನಿಯದಲ್ಲಿ ಅಲೆಯಾಟದ ಹಲಗೆಗಳನ್ನು ತಯಾರಿಸುತ್ತಿದ್ದ ಹೋಬಿ ಆಲ್ಟರ್ ಎಂಬಾತನು ೧೯೬೮ರಲ್ಲಿ ಸಾಮಾನ್ಯರ ಕೈಗೆಟಕುವಂಥ ಪುಟ್ಟ ಕ್ಯಾಟಮರಾನನ್ನು ಹೊರತಂದನು. ಅದರ ಬೆನ್ನಿಗೆ ಬಂದ 'ಹೋಬಿ ೧೬' ಜಗತ್ತಿನಲ್ಲಿ ಲಕ್ಷಕ್ಕೂ ಮೀರಿ ತಯಾರಾಗಿ, ಅತ್ಯಂತ ಜನಪ್ರಿಯವಾದ ಕ್ಯಾಟಮರಾನ್ ಎನಿಸಿತು. ಇದರ ಜಾಗತಿಕ ಸ್ಪರ್ಧೆಯ ಪದ್ಧತಿ ಮನನೀಯವಾದುದು. ಸ್ಪರ್ಧಾಳುಗಳು ತಮ್ಮ ದೋಣಿಯನ್ನು ತರುವುದಿಲ್ಲ. ಸಂಘಟಕರೇ ಒಂದೇ ತೆರನಾದ ಹೊಸ ದೋಣಿಗಳನ್ನು ಒದಗಿಸುತ್ತಾರೆ, ಓಟದಿಂದ ಓಟಕ್ಕೆ ದೋಣಿಗಳನ್ನು ಅದಲುಬದಲು ಮಾಡಿಸುತ್ತಾರೆ. ಇಬ್ಬರು ನಾವಿಕರ ಒಟ್ಟು ತೂಕ ಸುಮಾರು ೧೨೯ ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಆ ಕೊರತೆಯಷ್ಟು ಭಾರವನ್ನೂ ಹೊರಬೇಕು. ಸೋತವನು ದೋಣಿಯನ್ನು ದೂರುವಂತಿಲ್ಲ, ಗೆದ್ದವನ ಗೆಲುವನ್ನು ಯಾರೂ ಜರೆಯುವಂತಿಲ್ಲ.

ಹೀಗಾದರೆ ಏಕಮಾದರಿಯೇ ಶ್ರೇಷ್ಠವೆಂದು ತೀರ್ಪು ಕೊಡಬಹುದೇ? ಅವಸರ ಬೇಡ. ಇದರಲ್ಲಿಯೂ ಎರಡು ದೋಷಗಳಿವೆ. ಮೊದಲನೆಯದು, ಮಾದರಿ ಒಂದೇ ಆದಾಗ ಅದನ್ನು ತಯಾರಿಸುವ ಹಕ್ಕು ಕೆಲವರ ಕೈಯಲ್ಲಿ ಸೇರುತ್ತದೆ. ಒಲಿಂಪಿಕ್ಸಿನಲ್ಲಿ ಬಳಕೆಯಾಗುತ್ತಿದ್ದ 'ಲೇಸರ್' ಎಂಬ ಒಂಟಿ ಒಡಲಿನ ದೋಣಿಯ ವಿಷಯದಲ್ಲಿ ವರ್ಗದ ಸಂಘಕ್ಕೂ ತಯಾರಕರೊಬ್ಬರಿಗೂ ವಿವಾದವುಂಟಾಗಿ, ೨೦೧೯ರಲ್ಲಿ ದೋಣಿಯ ಹೆಸರನ್ನೇ 'ಐಎಲ್‌ಸಿಎ' ಎಂದು ಬದಲಿಸಬೇಕಾಯಿತು. ಎರಡನೆಯದು, ಅಚ್ಚು ಒಮ್ಮೆ ಗಟ್ಟಿಯಾದರೆ ಕಾಲ ಮುಂದೆ ಸಾಗಿದರೂ ದೋಣಿ ಅಲ್ಲಿಯೇ ನಿಲ್ಲುತ್ತದೆ. ಉತ್ತಮವಾದುದೊಂದನ್ನು ಕಂಡುಹಿಡಿದವನಿಗೆ ಅಲ್ಲಿ ಸಿಗುವುದು ಬಹುಮಾನವಲ್ಲ, ಅನರ್ಹತೆ.

ಒಂದು ಇನ್ನೊಂದರ ಹೆತ್ತೊಡಲು

ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ಪದ್ಧತಿಗಳು ವಾಸ್ತವವಾಗಿ ತಾಯಿ-ಮಕ್ಕಳಂತಿವೆ. ೧೯೬೦ರ ದಶಕದಲ್ಲಿ 'ಬಿ' ಎಂಬ ವಿಕಾಸ ವರ್ಗವಿದ್ದಿತು. ಅದರ ಹಾಯಿಯ ಮಿತಿ ೨೩೫ ಚದರಡಿ. ಆ ಮಿತಿಯೊಳಗೆ ೧೯೬೭ರಲ್ಲಿ ಇಂಗ್ಲೆಂಡಿನ ರಾಡ್ನಿ ಮಾರ್ಚ್ ಎಂಬವರು ೨೦ ಅಡಿ ಉದ್ದ, ೧೦ ಅಡಿ ಅಗಲದ 'ಟೊರ್ನಾಡೋ' ದೋಣಿಯನ್ನು ರೂಪಿಸಿದರು. ಪರೀಕ್ಷಾ ಪಂದ್ಯಗಳಲ್ಲಿ ಅದು ಉಳಿದವುಗಳನ್ನು ಮೀರಿಸಿತು. ಒಡನೆಯೇ ಅದರ ರೂಪವನ್ನು ಸ್ಥಿರಗೊಳಿಸಿ ಏಕಮಾದರಿಯನ್ನಾಗಿ ಮಾಡಲಾಯಿತು. ೧೯೭೬ರಿಂದ ೨೦೦೮ರ ವರೆಗೆ ಒಲಿಂಪಿಕ್ಸಿನಲ್ಲಿ ಇದೇ ಓಡಿತು. ಸ್ವಾತಂತ್ರ್ಯದಲ್ಲಿ ಹುಟ್ಟಿದುದು ಸಮಾನತೆಯಲ್ಲಿ ಬಾಳಿತು.

ತೀರ ಇತ್ತೀಚಿನ ಇತಿಹಾಸವೂ ಇದನ್ನೇ ಹೇಳುತ್ತದೆ. ೨೦೧೩ರ ಅಮೇರಿಕಾ ಕಪ್ಪಿಗೆ ೭೨ ಅಡಿ ಉದ್ದದ ಕ್ಯಾಟಮರಾನುಗಳು ನಿಯತವಾಗಿದ್ದವು. ನಿಯಮ ವಿಶಾಲವಾಗಿತ್ತು, ಖರ್ಚು ಅಪಾರವಾಗಿತ್ತು. ಸವಾಲು ಹಾಕಲು ಬಂದವು ಮೂರೇ ತಂಡಗಳು. ಅಭ್ಯಾಸದ ವೇಳೆಗೆ ದೋಣಿಯೊಂದು ಮಗುಚಿ ಒಲಿಂಪಿಕ್ ಸ್ವರ್ಣವಿಜೇತ ಆಂಡ್ರೂ ಸಿಂಪ್ಸನ್ ಪ್ರಾಣ ತೆತ್ತರು. ಆದರೆ ಇಷ್ಟು ದೊಡ್ಡ ದೋಣಿಗಳೂ ಜಲರೆಕ್ಕೆಯ ಮೇಲೆ ಹಾರಬಲ್ಲವೆಂದು ಜಗತ್ತು ಕಂಡುದು ಅಲ್ಲಿಯೇ. ೨೦೧೭ರಲ್ಲಿ ಬರ್ಮುಡಾದಲ್ಲಿ ನಡೆದ ಮುಂದಿನ ಸ್ಪರ್ಧೆಗೆ ಮಧ್ಯಮ ಮಾರ್ಗ ಹಿಡಿದರು. ೫೦ ಅಡಿಯ ದೋಣಿಯ ಒಡಲು, ಗಟ್ಟಿಹಾಯಿಗಳ ಆಕಾರ ಎಲ್ಲರಿಗೂ ಒಂದೇ, ಜಲರೆಕ್ಕೆ ಮತ್ತು ಅವುಗಳನ್ನು ನಿಯಂತ್ರಿಸುವ ವ್ಯವಸ್ಥೆ ಮಾತ್ರ ಅವರವರ ಇಚ್ಛೆ. ಉಳಿದವರು ಕೈಯಿಂದ ತಿರುವುವ ಯಂತ್ರಗಳಿಂದ ಶಕ್ತಿಯನ್ನು ಒದಗಿಸುತ್ತಿದ್ದಾಗ, ನ್ಯೂಜಿಲೆಂಡಿನವರು ದೋಣಿಯ ಮೇಲೆ ಸೈಕಲ್ಲಿನ ಪೆಡಲುಗಳನ್ನು ಕೂಡ್ರಿಸಿ ಕಾಲಿನ ಬಲವನ್ನು ಬಳಸಿದರು, ೭-೧ರಿಂದ ಗೆದ್ದರು. ಕಾಲು ಕೈಗಿಂತ ಬಲವುಳ್ಳದ್ದೆಂಬುದು ರಾಟೆ ತುಳಿದ ನಮ್ಮ ಹಳ್ಳಿಗರಿಗೆ ಹೊಸ ಮಾತಲ್ಲ. ಕೂದಲೆಳೆಯಷ್ಟು ಸ್ವಾತಂತ್ರ್ಯವಿದ್ದರೂ ಪ್ರತಿಭೆ ಅದರೊಳಗೆ ನುಗ್ಗುತ್ತದೆ. ೨೦೧೯ರಲ್ಲಿ ಆರಂಭವಾದ 'ಸೇಲ್ ಜಿಪಿ' ಪಂದ್ಯಮಾಲೆಯಲ್ಲಿ ಇದೇ ದೋಣಿಗಳು 'ಎಫ್ ೫೦' ಎಂಬ ಹೆಸರಿನಿಂದ ಪೂರ್ಣ ಏಕಮಾದರಿಗಳಾದವು. ಗಂಟೆಗೆ ೯೦ ಕಿಲೋಮೀಟರಿಗೂ ಮಿಕ್ಕು ಹಾರುವ ಇವುಗಳಲ್ಲಿ ಸುಧಾರಣೆಯಾದರೆ ಅದು ಎಲ್ಲ ದೋಣಿಗಳಿಗೂ ಸಲ್ಲತಕ್ಕದ್ದು. ಅಷ್ಟೇ ಅಲ್ಲದೆ, ಒಂದು ತಂಡದ ಓಟದ ಅಂಕಿ-ಅಂಶಗಳನ್ನು ಉಳಿದ ತಂಡಗಳೂ ನೋಡಬಹುದು.

ಒಲಿಂಪಿಕ್ಸಿನ ಇಂದಿನ ಕ್ಯಾಟಮರಾನ್ ಆದ 'ನಾಕ್ರಾ ೧೭' ಕೂಡ ಇದೇ ಜಾಡಿನದು. ಒಬ್ಬ ಪುರುಷ, ಒಬ್ಬ ಮಹಿಳೆ ಕೂಡಿ ನಡೆಸುವ ಈ ಏಕಮಾದರಿ ದೋಣಿ ೨೦೧೬ರಲ್ಲಿ ರಿಯೋದಲ್ಲಿ ಮೊದಲು ಓಡಿತು. ವಿಕಾಸ ವರ್ಗಗಳಲ್ಲಿ ಪಳಗಿದ ಜಲರೆಕ್ಕೆಗಳನ್ನು ತೊಟ್ಟು ಟೋಕಿಯೋ ಒಲಿಂಪಿಕ್ಸಿಗೆ ಬಂದಿತು. ಇಟಲಿಯ ರುಜ್ಜೇರೋ ತೀತಾ, ಕತೆರೀನಾ ಬಾಂತಿ ಜೋಡಿಯು ೨೦೨೧ರಲ್ಲಿ ಅಲ್ಲಿಯೂ ೨೦೨೪ರಲ್ಲಿ ಮಾರ್ಸೆಯಲ್ಲಿಯೂ ಸ್ವರ್ಣ ಪಡೆಯಿತು. ಎಲ್ಲರಿಗೂ ದೋಣಿ ಒಂದೇ ಆಗಿರುವಾಗ ಎರಡು ಸಲ ಗೆದ್ದವರ ಕೌಶಲ್ಯದ ಬಗೆಗೆ ಸಂಶಯಕ್ಕೆ ಎಡೆಯೆಲ್ಲಿ?

ನಮ್ಮ ನಾಡಿನ ನೀರಿನಲ್ಲಿ

ಕರ್ನಾಟಕದಲ್ಲಿಯೂ ಹಾಯಿದೋಣಿಗಳುಂಟು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನವರು ಈ ಕ್ರೀಡೆಯನ್ನು ಪೋಷಿಸಿಕೊಂಡು ಬಂದಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಪಂದ್ಯಗಳು ನಡೆದಿವೆ. ಭಾರತದಲ್ಲಿ ಈ ಕ್ರೀಡೆ ಬೆಳೆದುದು ಬಹುಶಃ ಪೂರ್ತಿಯಾಗಿ ಏಕಮಾದರಿ ದೋಣಿಗಳ ಆಶ್ರಯದಲ್ಲಿಯೇ. ಮಕ್ಕಳು ಮೊದಲು ಕಲಿಯುವ 'ಆಪ್ಟಿಮಿಸ್ಟ್' ೧೯೪೭ರಲ್ಲಿ ಅಮೇರಿಕೆಯ ಕ್ಲಾರ್ಕ್ ಮಿಲ್ಸ್ ಎಂಬವರು ಕಡಿಮೆ ಖರ್ಚಿನಲ್ಲಿ ಪ್ಲೈವುಡ್ಡಿನಿಂದ ಮಾಡಲು ಬರುವಂತೆ ರೂಪಿಸಿದ ದೋಣಿ. ಕೊಡಗಿನ ಮೂಲದ ಕೆ. ಸಿ. ಗಣಪತಿಯವರು ವರುಣ ಠಕ್ಕರ್ ಅವರೊಡನೆ ೨೦೨೧ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಡೆಸಿದ 'ಫಾರ್ಟಿನೈನರ್' ಕೂಡ ಏಕಮಾದರಿಯದೇ. ಆದರೆ ಈ ದೋಣಿಯನ್ನು ಸೃಷ್ಟಿಸಿದ ಜೂಲಿಯನ್ ಬೆತ್‌ವೇಟ್ ಅವರು ತಮ್ಮ ವಿದ್ಯೆಯನ್ನು ಕಲಿತುದು ಆಸ್ಟ್ರೇಲಿಯದ ೧೮ ಅಡಿ ದೋಣಿಗಳ ಮುಕ್ತ ಕಣದಲ್ಲಿ ಎಂಬುದನ್ನು ಮರೆಯಲಾಗದು.

ಮರಳಿ ಸೈಕಲ್ಲಿಗೆ

ಈಗ ನಮ್ಮ ಜಿಲ್ಲೆಗೆ ಮರಳೋಣ. ವಿಜಯಪುರ ಜಿಲ್ಲೆಯು ಸೈಕಲ್ ಸವಾರರ ತವರೆಂದು ನಾಡಿನಲ್ಲೆಲ್ಲ ಹೆಸರಾದುದು. ಸಣ್ಣ ಹಿಡುವಳಿಯ ಒಕ್ಕಲಿಗರ, ಕೂಲಿಕಾರರ ಮಕ್ಕಳು ಈ ಕ್ರೀಡೆಯಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಕಾರ್ಬನ್ ನಾರಿನ ಸೈಕಲ್ಲಿನ ಬೆಲೆ ಅವರ ಮನೆಯ ವಾರ್ಷಿಕ ಆದಾಯವನ್ನೂ ಮೀರಬಹುದು. ಉಪಕರಣಕ್ಕೆ ಎಷ್ಟು ಪಾಲು, ಕಾಲಿಗೆ ಎಷ್ಟು ಪಾಲು ಎಂಬುದು ಅವರ ಪಾಲಿಗೆ ತರ್ಕದ ವಿಷಯವಾಗಿರದೆ ಬದುಕಿನ ವಿಷಯವಾಗಿದೆ.

ಈ ಪಾಲನ್ನು ಅಳೆದು ತೋರಿಸಿದ ಒಂದು ಪ್ರಸಂಗವಿದೆ. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದೆಂಬ ದಾಖಲೆಯನ್ನು ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ ೧೯೭೨ರಲ್ಲಿ ೪೯.೪೩೧ ಕಿಲೋಮೀಟರಿಗೆ ಏರಿಸಿದ್ದರು. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ೧೯೯೬ರಲ್ಲಿ ವಿಶೇಷ ರಚನೆಯ ಸೈಕಲ್ಲಿನ ಮೇಲೆ, ಗಾಳಿಯನ್ನು ಸೀಳುವ ಭಂಗಿಯಲ್ಲಿ ೫೬.೩೭೫ ಕಿಲೋಮೀಟರ್ ಕ್ರಮಿಸಿದರು. ತರುವಾಯ ಅಂತರರಾಷ್ಟ್ರೀಯ ಸಂಘವು, ಮೆರ್ಕ್ಸರ ಕಾಲದಂಥ ಸಾಧಾರಣ ಸೈಕಲ್ಲಿನಿಂದಲೇ ದಾಖಲೆ ಮಾಡತಕ್ಕದ್ದೆಂದು ವಿಧಿಸಿತು. ೨೦೦೦ದಲ್ಲಿ ಅದೇ ಬೋರ್ಡ್‌ಮನ್ ಅಂಥ ಸೈಕಲ್ಲನ್ನೇರಿ ತುಳಿದುದು ೪೯.೪೪೧ ಕಿಲೋಮೀಟರ್, ಅಂದರೆ ಮೆರ್ಕ್ಸರಿಗಿಂತ ಹತ್ತೇ ಮೀಟರ್ ಹೆಚ್ಚು. ನಾಲ್ಕು ವರ್ಷದ ವಯಸ್ಸನ್ನು ಲೆಕ್ಕಕ್ಕೆ ಹಿಡಿದರೂ, ಆ ಏಳು ಕಿಲೋಮೀಟರುಗಳ ಬಹುಪಾಲು ಯಂತ್ರದ್ದು, ಭಂಗಿಯದು. ೨೦೧೪ರಲ್ಲಿ ಸಂಘವು ಮತ್ತೆ ಹೊಸ ಸೈಕಲ್ಲುಗಳಿಗೆ ಸಮ್ಮತಿಯಿತ್ತಿತು. ದೊಡ್ಡವರೂ ಈ ಎರಡು ದಡಗಳ ನಡುವೆ ಈಜಾಡುತ್ತಿರುವರೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಅಂದಿನ ಹುಡುಗನಿಗೆ ಹೇಳಬೇಕಾದ ಉತ್ತರವೇನು? "ತಮ್ಮಾ, ತಪ್ಪು ಗೆದ್ದವನದೂ ಅಲ್ಲ, ಅವನ ಸೈಕಲ್ಲಿನದೂ ಅಲ್ಲ. ನಿಯಮ ಮಾಡಿದ ನಮ್ಮದು" ಎಂಬುದೇ ಆ ಉತ್ತರ. ನಾವು ಏನನ್ನು ಅಳೆಯುತ್ತಿದ್ದೇವೆಂದು ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ. ಕಾಲಿನ ಬಲವನ್ನು ಅಳೆಯಬೇಕಾಗಿದ್ದರೆ ಹನ್ನೆರಡೂ ಜನರಿಗೆ ಒಂದೇ ತೆರನಾದ ಸೈಕಲ್ಲು ಕೊಡಬೇಕಾಗಿತ್ತು. ಸರಕಾರವು ೨೦೦೬-೦೭ರಿಂದ ಹಲವು ವರ್ಷ ಹಂಚಿದ ಸೈಕಲ್ಲುಗಳಿಂದಾಗಿ ಅಂಥ ಏಕಮಾದರಿ ವರ್ಗವೊಂದು ನಮ್ಮ ಅಂಗಳದಲ್ಲಿಯೇ ಸಿದ್ಧವಾಗಿ ನಿಂತಿತ್ತು, ನಾವು ಅದನ್ನು ಗುರುತಿಸಲಿಲ್ಲ.

ಇಷ್ಟರಿಂದ ಮುಕ್ತ ಕಣವನ್ನು ಮುಚ್ಚಬೇಕೆಂದಲ್ಲ. ಶಾಲೆಯ ಓಟದಲ್ಲಿ, ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಅಳತೆ ಇರಲಿ. ವಿಜ್ಞಾನ ಪ್ರದರ್ಶನದಲ್ಲಿ, ಕರಕುಶಲದ ಕೋಣೆಯಲ್ಲಿ ಮಾತ್ರ ಇಂತಿಷ್ಟು ಖರ್ಚು, ಇಂತಿಷ್ಟು ತೂಕವೆಂಬ ಚೌಕಟ್ಟನ್ನಷ್ಟೇ ಹಾಕಿ, ಒಳಗಿನದನ್ನು ಮಕ್ಕಳ ಬುದ್ಧಿಗೆ ಬಿಡೋಣ. ಮೊದಲನೆಯದಿಲ್ಲದಿದ್ದರೆ ಬಡ ಮಗು ಕಣಕ್ಕೇ ಬಾರದು. ಎರಡನೆಯದಿಲ್ಲದಿದ್ದರೆ ಕಣದಲ್ಲಿ ಹೊಸದೇನೂ ಹುಟ್ಟದು.

ಶಾಲೆಗಳಿಗೆ ನೆರವಾಗುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಅರಿಕೆಯಿದೆ. ಗೆದ್ದ ಒಬ್ಬನಿಗೆ ಬೆಲೆಬಾಳುವ ಸೈಕಲ್ಲನ್ನು ಬಹುಮಾನವಾಗಿ ಕೊಡುವ ಔದಾರ್ಯವನ್ನು ನಾವು ಅನೇಕ ಸಲ ಕಂಡಿದ್ದೇವೆ, ಅದಕ್ಕೆ ಋಣಿಗಳೂ ಆಗಿದ್ದೇವೆ. ಅದೇ ಹಣದಲ್ಲಿ ಒಂದೇ ಮಾದರಿಯ ಹತ್ತು ಸಾಧಾರಣ ಸೈಕಲ್ಲುಗಳನ್ನು ಕೊಂಡು ಶಾಲೆಯ ಸ್ವತ್ತಾಗಿ ಇರಿಸಿದರೆ, ಪ್ರತಿವರ್ಷ ಹತ್ತು ಮಕ್ಕಳು ಸರಿಸಮನಾಗಿ ಗೆರೆಯ ಮೇಲೆ ನಿಲ್ಲಬಲ್ಲರು. ಆಗ ಗೆದ್ದ ಮಗು ತಲೆಯೆತ್ತಿ ಬಹುಮಾನ ಪಡೆದೀತು, ಸೋತ ಮಗು ಮುಂದಿನ ವರ್ಷಕ್ಕೆ ನಸುಕಿನಲ್ಲೇ ಎದ್ದೀತು.